ಅಂಕ 17 ಬಂದರೆ ಕರುಳಿಲ್ಲವೆಂದೇ?

ಮದ್ಯವ್ಯಸನ ಮುಕ್ತಿ ಕೇಂದ್ರಕ್ಕೆ ಸೇರಿದ ಐದನೇ ದಿನ ಗಂಡನಿಗೆ ಕಣ್ಣುಗಳ ಫೋಟೊ ತೋರಿಸಿ, ಅವುಗಳಲ್ಲಿನ ಭಾವ ಗುರುತಿಸುವ ಪರೀಕ್ಷೆ ಮಾಡಿದರು, 36ಕ್ಕೆ 17 ಬಂತು, 'ಇವನಿಗೆ ಇನ್ನೊಬ್ಬರ ಮನಸ್ಸು ತಿಳಿಯೋದೇ ಇಲ್ಲ' ಅಂತ ಮನೆಯವರು ತೀರ್ಮಾನಿಸಿದ್ದಾರೆ ಎಂದು ಕಳೆದ ಸಂಚಿಕೆಯಲ್ಲಿ ಸೋದರಿಯೊಬ್ಬರು ಬರೆದಿದ್ದರು. ಬಂದ ಪತ್ರಗಳಲ್ಲಿ ಕೆಲವು:

ಸೋದರಿ, ಐದನೇ ದಿನದ ಅಂಕವನ್ನು ಪಕ್ಕಕ್ಕಿಡಿ. ಕುಡಿತ ನಿಂತ ಮೊದಲ ವಾರ ಕೈನಡುಕ, ನಿದ್ದೆಗೇಡು. ಮೇಲೆ ಲೊರಾಜೆಪಾಮ್‌ನಂಥ, ನಡುಕ ತಗ್ಗಿಸುವ ಮಾತ್ರೆಯ ಮಂಪರು. ಪರೀಕ್ಷೆಗೆ ಸಿಕ್ಕಿದ್ದು ಆ ಮಂಪರೇ. ಎರಡು-ಮೂರು ವಾರವಾದರೂ ಕುಡಿಯದೆ ಇದ್ದು, ಆ ಮಾತ್ರೆ ಇಳಿಸಿ ನಿಲ್ಲಿಸಿದ ಮೇಲೆ ಮಾಡಬೇಕು. ಅದಕ್ಕೂ ಮೊದಲು ನೆನಪು, ಗಮನ ನೋಡಬೇಕು. ಖಿನ್ನತೆ, ತಲೆಗೆ ಬಿದ್ದ ಹಳೇ ಪೆಟ್ಟು, ಲಿವರ್ ತೊಂದರೆ ವಿಚಾರಿಸಬೇಕು. ಕನ್ನಡಕ ಹಾಕಿಕೊಂಡಿದ್ದರೋ ಇಲ್ಲವೋ, ಅದನ್ನೂ ಕೇಳಿ!

ಆ ಪರೀಕ್ಷೆಯನ್ನು ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ತಂಡ 2001ರಲ್ಲಿ ಇಂಗ್ಲೆಂಡಿನಲ್ಲಿ ಪರಿಷ್ಕರಿಸಿತು. ಪ್ರತಿ ಫೋಟೊಗೆ ನಾಲ್ಕು ಪದ, ಒಂದನ್ನು ಆರಿಸಬೇಕು. ಸುಮ್ಮನೆ ಗುರುತು ಹಾಕಿದರೂ ಸುಮಾರು 9 ಬರುತ್ತದೆ. ಅಲ್ಲಿನ ಸಾಮಾನ್ಯ ಜನರ ಸರಾಸರಿ 26ರ ಆಸುಪಾಸು. ಮುಖಗಳು ಬಿಳಿಯರವು, ಪದಗಳೋ ಅರ್ಥಪಟ್ಟಿ ಬೇಡುವಂಥವು. 'ಸಂಶಯ', 'ಹಿಂಜರಿಕೆ', 'ಆತಂಕ' ಬೇರೆಬೇರೆ ಮಾಡಲಾಗದವನು ಸೋಲುವುದು ಪದಜ್ಞಾನದಲ್ಲಿ.

ನಮ್ಮ ಜನಕ್ಕೆ ಕಥೆ ಹೇಳಿ ಕೇಳುವ ಪರೀಕ್ಷೆ ವಾಸಿ. ಸ್ಕಿಜೋಫ್ರೇನಿಯಾ ರೋಗಿಗಳಿಗೆಂದು ನಿಮ್ಹಾನ್ಸ್‌ನಲ್ಲಿ ಭಾರತದ ಸನ್ನಿವೇಶಕ್ಕೆ ಹೊಂದಿಸಿದ 'ಸೊಕ್ರಾಟಿಸ್' ಎಂಬ ಪರೀಕ್ಷೆಯಲ್ಲಿ ಇಂಥವಿವೆ. ಮೊದಲು, ವಸ್ತುವಿನ ಜಾಗ ಬದಲಾದದ್ದು ತಿಳಿಯದವನು ಎಲ್ಲಿ ಹುಡುಕುತ್ತಾನೆ? ಆಮೇಲೆ, ಅವನ ತಲೆಯಲ್ಲಿ ಏನಿದೆಯೆಂದು ಇನ್ನೊಬ್ಬ ಎಣಿಸಿದ್ದಾನೆ? ಕೊನೆಗೆ ಎಡವಟ್ಟು ಮಾತಿನ ಕಥೆ: ಮದುವೆ ಊಟದಲ್ಲಿ ಒಬ್ಬ 'ಸಾರು ಬರೀ ನೀರು' ಅನ್ನುತ್ತಾನೆ, ಪಕ್ಕದ ಎಲೆಗೆ ಕೂತವನೇ ಅಡುಗೆ ಭಟ್ಟರ ಮಗ. ಆಡಬಾರದ್ದು ಯಾರಾದರೂ ಆಡಿದರೇ? ಗೊತ್ತಿದ್ದೇ ಆಡಿದನೇ? ಕೇಳಿದವನಿಗೆ ಹೇಗನ್ನಿಸಿತು? ಜೊತೆಗೆ 'ಊಟ ಎಲ್ಲಿ ನಡೆದಿತ್ತು' ಎಂಬಂಥ ನೆನಪಿನ ಪ್ರಶ್ನೆ. ಅದೇ ತಪ್ಪಿದರೆ ಕಥೆಯೇ ತಲೆಗೆ ಹೋಗಿಲ್ಲ, ಆ ಉತ್ತರದಿಂದ ಏನನ್ನೂ ಹೇಳಲಾಗದು. ಸಂಗತಿಯೆಲ್ಲ ಸರಿಯಾಗಿ ಹೇಳಿ 'ಹೇಗನ್ನಿಸಿತು' ಎಂಬಲ್ಲಿ ಎಡವುವ ಮದ್ಯವ್ಯಸನಿಗಳು ಹಲವರು. ಅಂಥವರಿಗೆ ಏನು ಕಲಿಸಬೇಕೆಂದು ಆಗ ಗೊತ್ತಾಗುತ್ತದೆ. ಬರೀ '17' ಅದನ್ನು ಹೇಳದು.
– ಕ್ಲಿನಿಕಲ್ ಸೈಕಾಲಜಿಸ್ಟ್, ಧಾರವಾಡ

ಐದನೇ ದಿನದ ಬಗ್ಗೆ ಬೇರೆ ಓದುಗರೂ ಆಕ್ಷೇಪ ಎತ್ತಿದ್ದಾರೆ. ಮುಂದಿನ ಪತ್ರದ ಖಾರ ಸ್ವಲ್ಪ ತಗ್ಗಿಸಿದ್ದೇವೆ.

ಯಾರ ಮುಖ ನೋಡಿದರೆ ಸಾಲ ಹುಟ್ಟುತ್ತದೆಂದು ಕುಡುಕನಿಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಬಿಡಿ ತಾಯೀ, ಎಟಿಎಂ ಕಾರ್ಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.
– ಶಿವಮೊಗ್ಗ

ಸಾಲ ಕೊಡುವವನ ಮುಖ ತಿಳಿದು ಸ್ವಂತ ಮಗಳ ಮುಖ ತಿಳಿಯದಿರುವುದು ಒಬ್ಬರಲ್ಲೇ ಇರಬಹುದಲ್ಲವೇ ಎಂಬುದು ನಮ್ಮ ಪ್ರಶ್ನೆ.

ಮನೆಗೆ ಬಂದ ಮೇಲಿನ ಮಾತು ಹೇಳುತ್ತೇನೆ. ಕುಡಿತ ಬಿಟ್ಟ ಹೊಸದರಲ್ಲಿ ಇವರಿಗೆ ಸುಮ್ಮನಿದ್ದ ಮುಖವೂ ಸಿಟ್ಟಿನದಾಗಿ ಕಾಣುವುದುಂಟು. ಮುಖ ಊದಿಸಿಕೊಂಡು ಕೂತರೆ ತಾವೇ ತಿಳಿದುಕೊಂಡಾರೆಂದು ಕಾಯಬೇಡಿ. ಬಾಯಿಬಿಟ್ಟು ಹೇಳಿ: 'ಹತ್ತು ಗಂಟೆಯಾದರೂ ನೀವು ಬರಲಿಲ್ಲ, ಹೆದರಿಕೆಯಾಯಿತು, ತಡವಾದರೆ ಫೋನ್ ಮಾಡಿ.' ಒಂದು ಸಲಕ್ಕೆ ಒಂದೇ ವಿಷಯ. ಕೇಳಿದ್ದನ್ನು ಅವರ ಬಾಯಲ್ಲೇ ಮತ್ತೆ ಹೇಳಿಸಿ. ಕುಡಿದಿದ್ದರೆ ಮಾತೇ ಬೇಡ. ಥಯಮಿನ್ (ವಿಟಮಿನ್ ಬಿ1) ತಪ್ಪಿಸಬೇಡಿ, ಅದರ ಕೊರತೆಯಿಂದ ನೆನಪಿಗೇ ಏಟು. ಮತ್ತೆ ದಿನಾ ಕುಡಿಯಲು ಶುರುಮಾಡಿದರೆ ಮನೆಯಲ್ಲೇ ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು, ಆಸ್ಪತ್ರೆಗೆ ಕರೆತನ್ನಿ. ಹೊಡೆತ ಬಡಿತ ಇದ್ದರೆ ಇದೆಲ್ಲ ಆಮೇಲೆ. ಮೊದಲು ನೀವೂ ಮಕ್ಕಳೂ ಸುರಕ್ಷಿತ ಜಾಗಕ್ಕೆ ಹೋಗಿ.
– ವ್ಯಸನ ಚಿಕಿತ್ಸಾ ವಾರ್ಡಿನ ನರ್ಸ್, ಮಂಗಳೂರು

ಅವೇ ಫೋಟೊಗಳನ್ನು ಮೊಬೈಲಿನಲ್ಲಿ ಅಭ್ಯಾಸ ಮಾಡಿಸಬೇಡಿ. ಮುಂದಿನ ಸಲ ಏರುವ ಅಂಕ ಬರೀ ಬಾಯಿಪಾಠದ್ದು.
– ತುಮಕೂರು

ಮರುಪರೀಕ್ಷೆಯ ದಿನ ಗೊತ್ತಾದರೆ ಸೋದರಿ ತಿಳಿಸಲಿ. ಅಷ್ಟರೊಳಗೆ ಅವರಿಗೇ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ.