ಸಹಾಯ ಬೇಕು: ಹ್ಯೂಲೆಟ್, ಪ್ಯಾಕರ್ಡ್ ಅವರ ಹಳೇ ಆಫೀಸ್ ಕೋಣೆಗಳನ್ನು ನೋಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ ಹಾಸನದಿಂದ ಬಂದು ಈಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ನಮ್ಮ ಜೊತೆ ಇದ್ದಾರೆ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಂಡವರು. ಎಚ್‌ಪಿ (ಹ್ಯೂಲೆಟ್-ಪ್ಯಾಕರ್ಡ್) ಕಂಪನಿಯ ಆಸಿಲೋಸ್ಕೋಪ್ (ವಿದ್ಯುತ್ ಸಂಕೇತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಅಂದರೆ ಅವರಿಗೆ ಈಗಲೂ ಪ್ರಾಣ.

ಪಾಲೋ ಆಲ್ಟೋದಲ್ಲಿ 367 ಅಡಿಸನ್ ಅವೆನ್ಯೂ ಗ್ಯಾರೇಜ್ ನೋಡಿ ಬಂದೆವು. 1939ರಲ್ಲಿ ಬಿಲ್ ಹ್ಯೂಲೆಟ್, ಡೇವ್ ಪ್ಯಾಕರ್ಡ್ 538 ಡಾಲರ್ ಇಟ್ಟುಕೊಂಡು ಈ ಕಂಪನಿ ಶುರು ಮಾಡಿದ ಜಾಗ. ಅಲ್ಲಿ ಒಳಗೆ ಬಿಡುವುದಿಲ್ಲ, ಫುಟ್‌ಪಾತ್‌ನಿಂದಲೇ ನೋಡಬೇಕು. ಅಪ್ಪ ಫಲಕದ ಒಂದಕ್ಷರ ಬಿಡದೆ ಓದಿದರು.

ಅವರಿಗೆ ಇನ್ನೂ ಜಾಸ್ತಿ ಆಸೆ ಇರುವುದು ಅದೇ ಊರಿನ 1501 ಪೇಜ್ ಮಿಲ್ ರಸ್ತೆಯ ಎಚ್‌ಪಿ ಕಟ್ಟಡದ ಮೇಲೆ. ಅಲ್ಲಿ ಇಬ್ಬರ ಆಫೀಸ್ ಕೋಣೆಗಳನ್ನೂ ಹಾಗೇ ಉಳಿಸಿಕೊಂಡಿದ್ದಾರಲ್ಲ, ಅದನ್ನು ಒಂದು ಸಲ ಕಣ್ಣಾರೆ ನೋಡಬೇಕಂತೆ. ಆದರೆ ಅದು ಮ್ಯೂಸಿಯಂ ಅಲ್ಲ, ಜನ ಕೆಲಸ ಮಾಡುವ ಕಟ್ಟಡ. ಸುಮ್ನೆ ಹೋಗಿ ಗೇಟಿನಲ್ಲಿ ನಿಲ್ಲುವುದು ಸರಿಯಲ್ಲ ಅಲ್ವಾ?

ಇಂಟರ್‌ನೆಟ್‌ನಲ್ಲಿ ಹುಡುಕಿದೆ, ಫೋಟೋಗಳೇ ಸಿಗುತ್ತವೆ. ಪರಿಚಯದವರನ್ನೂ ಕೇಳಿದೆ. ಉದ್ಯೋಗಿಯ ಅತಿಥಿಯಾಗಿ ಹೋಗಬಹುದು ಅಂತ ಒಬ್ಬರು, ಹೊರಗಿನವರಿಗೆ ಆಗುವುದೇ ಇಲ್ಲ ಅಂತ ಇನ್ನೊಬ್ಬರು. ನನ್ನ ಸ್ನೇಹಿತ ಇರುವುದು ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್‌ನಲ್ಲಿ. 2015ರಲ್ಲಿ ಕಂಪನಿ ಎರಡಾದ ಮೇಲೆ ಈ ಕಟ್ಟಡ ಎಚ್‌ಪಿ ಇಂಕ್ ಕಡೆಗಿದೆ. ಹಾಗಾಗಿ ಅವನಿಗೂ ದಾರಿ ಗೊತ್ತಿಲ್ಲ.

ಅಲ್ಲಿ ಕೆಲಸ ಮಾಡುವವರು ಅಥವಾ ಹೋಗಿ ಬಂದವರು ದಯವಿಟ್ಟು ತಿಳಿಸಿ: ಎಚ್‌ಪಿ ಇಂಕ್ ಉದ್ಯೋಗಿ ಜೊತೆಗಿದ್ದರೆ ಅಪ್ಪನನ್ನು ಆ ಕೋಣೆಗಳವರೆಗೆ ಕರೆದುಕೊಂಡು ಹೋಗಬಹುದಾ? ಮೊದಲೇ ಯಾರ ಅನುಮತಿ ಬೇಕು? ಗುರುತಿಗೆ ಭಾರತದ ಪಾಸ್‌ಪೋರ್ಟ್ ಸಾಕಾ?