ಮಾವಂದಿರ ಟೀಮು, ಒಂಟಿ ಕಾಲಿನ ಡರ್ಕ್

2019ರ ಏಪ್ರಿಲ್ 10, ಬುಧವಾರ. ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಶೇಷು ಮನೆಯ ಫ್ರಿಜ್ಜಿನಲ್ಲಿ ಇನ್ನೂ ಹದಿನಾರು ಒಬ್ಬಟ್ಟು ಉಳಿದಿದ್ದವು. "ಬಂದು ಖಾಲಿ ಮಾಡ್ರಪ್ಪ, ಹಾಗೇ ಡರ್ಕ್‌ನ ಕೊನೇ ಮ್ಯಾಚೂ ನೋಡೋಣ" ಎಂದು ಶೇಷು ಕರೆದ. ಕರೆದದ್ದು ಒಬ್ಬಟ್ಟಿಗೋ ಮ್ಯಾಚಿಗೋ ಎಂದು ನಾವ್ಯಾರೂ ಕೇಳಲಿಲ್ಲ.

ಡರ್ಕ್ ನೊವಿಟ್ಸ್ಕಿ. ಬಾಸ್ಕೆಟ್‌ಬಾಲ್ ಆಟಗಾರ, ಜರ್ಮನಿಯ ವುರ್ಟ್ಸ್‌ಬರ್ಗ್‌ನವನು, ಏಳಡಿ ಎತ್ತರ, ವಯಸ್ಸು 40. ಆಡಿದ ಇಪ್ಪತ್ತೊಂದು ಸೀಸನ್ನೂ ಡಲ್ಲಾಸ್ ಮ್ಯಾವೆರಿಕ್ಸ್ ಒಂದಕ್ಕೇ. ಊರವರು ಟೀಮನ್ನು 'ಮ್ಯಾವ್ಸ್' ಎನ್ನುತ್ತಾರೆ. ದಾವಣಗೆರೆಯ ಮಂಜಣ್ಣನ ಬಾಯಲ್ಲಿ ಅದು ಯಾವಾಗಲೋ 'ಮಾವ್ಸ್' ಆಗಿ, ಆಮೇಲೆ 'ನಮ್ಮ ಮಾವಂದಿರು' ಆಗಿದೆ. ಸೋತ ರಾತ್ರಿ ಅವರ ಮನೆಗೆ ಫೋನ್ ಮಾಡಿದರೆ, "ಮಾವಂದಿರು ಕೈ ಕೊಟ್ಟರು ಕಣೋ" ಎನ್ನುತ್ತಾರೆ. ಗೊತ್ತಿಲ್ಲದವರು ವರದಕ್ಷಿಣೆ ವಿಷಯ ಅಂದುಕೊಳ್ಳಬೇಕು.

ಟಿವಿ ಹಾಕುವ ಮೊದಲೇ ಮಂಜಣ್ಣ ತಮ್ಮ ಹಳೇ ಡೈಲಾಗ್ ತೆಗೆದರು. "ನಾನೂ ಡರ್ಕೂ ಒಂದೇ ವರ್ಷ ಈ ಊರಿಗೆ ಬಂದೋರು. 1998. ನಾನು ವೈ2ಕೆ ಕಂಪ್ಯೂಟರ್ ಕೆಲಸಕ್ಕೆ, ಅವನು ಚೆಂಡಿನ ಕೆಲಸಕ್ಕೆ."

"ಇಲ್ಲ ಮಂಜಣ್ಣ," ಎಂದಳು ವೀಣಾ, ತುಪ್ಪದ ಬಟ್ಟಲು ಹಿಡಿದು ಬರುತ್ತಾ. ಶೇಷುವಿನ ಹೆಂಡತಿ ವೀಣಾ ಮೈಸೂರಿನಲ್ಲಿ ಕಾಲೇಜ್ ಟೀಮಿಗೆ ಆಡಿದವಳು. ನಮ್ಮೆಲ್ಲರಲ್ಲಿ ನಿಜವಾಗಿ ಆಟ ಗೊತ್ತಿರುವುದು ಅವಳೊಬ್ಬಳಿಗೇ. "98ರಲ್ಲಿ, ಟೀಮುಗಳು ಹೊಸಬರನ್ನ ಆರಿಸೋ ಡ್ರಾಫ್ಟ್‌ನಲ್ಲಿ ಹೆಸರು ಕೂಗಿದ್ದು ಅಷ್ಟೇ. ಆಮೇಲೆ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಲಾಕೌಟ್ ಆಯ್ತು. ಸೀಸನ್ ಶುರುವಾಗಿದ್ದು 99ರ ಫೆಬ್ರವರಿಯಲ್ಲಿ."

"ಹಾಗಾದ್ರೆ ನಾನೇ ಸೀನಿಯರ್!" ಎಂದು ಮಂಜಣ್ಣ ಇನ್ನೊಂದು ಒಬ್ಬಟ್ಟು ಎಳೆದುಕೊಂಡರು.

ವೀಣಾ ಬಿಡಲಿಲ್ಲ. "ಆವತ್ತು ಅವನನ್ನ ಆರಿಸಿದ್ದು ಡಲ್ಲಾಸ್ ಕೂಡ ಅಲ್ಲ, ಮಿಲ್ವಾಕಿ. ಒಂಬತ್ತನೇ ನಂಬರ್. ಕೂಡಲೇ ಇಲ್ಲಿಗೆ ದಾಟಿಸಿದರು. ಹುಡುಗನ್ನ ನೋಡಿ ಒಪ್ಪಿದ ಶಾಸ್ತ್ರ ಒಬ್ಬರ ಮನೇಲಿ, ಧಾರೆ ಇನ್ನೊಬ್ಬರ ಮನೇಲಿ."

"ಅದಕ್ಕೇ ನಾನು ಮಾವಂದಿರು ಅನ್ನೋದು," ಎಂದರು ಮಂಜಣ್ಣ.

ಬಂದ ಹೊಸದರಲ್ಲಿ ಡರ್ಕ್‌ಗೆ ಮರ್ಯಾದೆ ಅಷ್ಟಕ್ಕಷ್ಟೇ. ಡಿಫೆನ್ಸ್, ಅಂದರೆ ಎದುರಾಳಿಯನ್ನು ತಡೆಯುವ ಆಟ, ಬರುವುದಿಲ್ಲ ಎಂದು ಹೆಸರಿನ ಇಂಗ್ಲಿಷ್ 'ಡಿ' ಕಿತ್ತು 'ಇರ್ಕ್' ಎಂದು ಆಡಿಕೊಂಡರು. ಆ ಕಾಲದಲ್ಲಿ ಏಳಡಿ ಆಳಿನ ಜಾಗ ಬುಟ್ಟಿಯ ಕೆಳಗೆ. ಅಲ್ಲಿ ನಿಂತು ತಳ್ಳಬೇಕು, ತಳ್ಳಿಸಿಕೊಳ್ಳಬೇಕು. ಇವನೋ ದೂರದ ಗೆರೆಯಾಚೆ ನಿಂತು ಆರಾಮಾಗಿ ಎಸೆಯುತ್ತಿದ್ದ. ಮೂರು ಪಾಯಿಂಟಿನ ಅಂಥ ಬುಟ್ಟಿಗಳೇ ಸುಮಾರು ಎರಡು ಸಾವಿರ ಆದವು. ಈಗ ಯಾವ ಟೀಮು ನೋಡಿದರೂ ಅಷ್ಟೆತ್ತರದವರೆಲ್ಲ ಹೊರಗೆ ನಿಂತು ಎಸೆಯುವವರೇ. ಮದುವೆ ಮನೆಯಲ್ಲಿ ಬಡಿಸುವವರೆಲ್ಲ ವಾಲಗಕ್ಕೆ ಕೂತ ಹಾಗೆ, ಎಂದು ಶೇಷು ಗೊಣಗಿದ. ವೀಣಾ ಅವನಿಗೆ ತುಪ್ಪ ಕಡಿಮೆ ಹಾಕಿದಳು.

"ಅದೆಲ್ಲ ಸರಿ, ಆ ಕೊಕ್ಕರೆ ಶಾಟ್ ಹೇಳಿ," ಎಂದ ಪವನ. ನಮ್ಮಲ್ಲಿ ಚಿಕ್ಕವನು. ಬಾಸ್ಕೆಟ್‌ಬಾಲ್‌ನಲ್ಲಿ ಕೋಬಿ ಬ್ರಯಂಟ್ ಭಕ್ತ, ಕ್ರಿಕೆಟ್‌ನಲ್ಲಿ ಆರ್‌ಸಿಬಿ ಭಕ್ತ.

ಹೇಳುವುದೇನು ಬಂತು, ಶೇಷು ಎದ್ದೇ ನಿಂತ. ಎಡಗೈಯಲ್ಲಿ ತಟ್ಟೆ, ಬಲಗೈಯಲ್ಲಿ ಉಂಡೆ ಕಟ್ಟಿದ ಟಿಶ್ಯೂ. ಬಲ ಮೊಣಕಾಲನ್ನು ಹೊಟ್ಟೆಯವರೆಗೆ ಎತ್ತಿದ. ಎಂದರೆ, ಹೊಟ್ಟೆಯೇ ಅರ್ಧ ದಾರಿ ಕೆಳಗಿಳಿದು ಬಂದು ಮೊಣಕಾಲನ್ನು ಭೇಟಿ ಮಾಡಿತು. ಎಡಗಾಲಿನ ಮೇಲೆ ನಿಂತು ಹಿಂದಕ್ಕೆ ವಾಲಿದ. "ನೋಡ್ರೋ, ಮೊದಲೇ ಏಳಡಿ. ಅದರ ಮೇಲೆ ಹಿಂದಕ್ಕೆ ವಾಲ್ತಾನೆ. ನಡುವೆ ಮೊಣಕಾಲು ಅಡ್ಡ. ತಡೆಯೋನು ಹೆಂಗೆ ಹತ್ರ ಬರ್ತಾನೆ?" ಟಿಶ್ಯೂ ಕಸದ ಬುಟ್ಟಿಯಿಂದ ಎರಡಡಿ ಆಚೆ ಬಿತ್ತು. ತುಪ್ಪ ಕಾರ್ಪೆಟ್ಟಿನ ಮೇಲೆ ಸರಿಯಾಗಿ ಬಿತ್ತು.

"ರೀ, ಆ ಕಾಲು ಕೆಳಗಿಳಿಸಿ," ಎಂದಳು ವೀಣಾ. ಹೇಳಿದ ದನಿಯಲ್ಲಿ ಇಪ್ಪತ್ತೊಂದು ಸೀಸನ್ನಿನ ಅನುಭವವಿತ್ತು.

ಟಿವಿಯಲ್ಲಿ ಸ್ಯಾನ್ ಆಂಟೋನಿಯೊದ ಅಂಗಳ ಬಂತು. ಹಿಂದಿನ ರಾತ್ರಿಯೇ ಡಲ್ಲಾಸ್‌ನಲ್ಲಿ ಕಣ್ಣೀರಿನ ಕಾರ್ಯಕ್ರಮ ಒಂದು ಸುತ್ತು ಮುಗಿದಿತ್ತು. ಫೀನಿಕ್ಸ್ ವಿರುದ್ಧ ಊರಿನ ಕೊನೇ ಮ್ಯಾಚು, ಡರ್ಕ್‌ಗೆ 30 ಪಾಯಿಂಟ್. ಮುಗಿದ ಮೇಲೆ ಅವನು ಚಿಕ್ಕಂದಿನಿಂದ ಆರಾಧಿಸಿದ ಲ್ಯಾರಿ ಬರ್ಡ್, ಪಿಪ್ಪೆನ್, ಬಾರ್ಕ್ಲಿಯಂಥವರೇ ಬಂದು ಮಾತಾಡಿದರು. ಅದೇ ರಾತ್ರಿ ಮಯಾಮಿಯಲ್ಲಿ ಅವನ ಹಳೇ ವೈರಿ ಡ್ವೇನ್ ವೇಡ್ ಕೂಡ ತನ್ನ ಊರಿನ ಕೊನೇ ಮ್ಯಾಚು ಆಡಿದ. ಅವನಿಗೂ 30. ಇದರ ನಡುವೆ ಫೀನಿಕ್ಸ್‌ನ ಜಮಾಲ್ ಕ್ರಾಫರ್ಡ್ ಎಂಬ 39 ವರ್ಷದ ಪುಣ್ಯಾತ್ಮ 51 ಹೊಡೆದುಬಿಟ್ಟ. ಬೇರೆಯವರ ಬೀಳ್ಕೊಡುಗೆಗೆ ಬಂದು ಮೈಕ್ ಹಿಡಿದು ಮೂರು ಹಾಡು ಹಾಡುವವರು ನಮ್ಮ ಕನ್ನಡ ಸಂಘದಲ್ಲೂ ಇದ್ದಾರೆ.

"ರಿಟೈರ್ ಆದ್ರೆ ಕೋಬಿ ಥರ ಆಗಬೇಕು," ಎಂದ ಪವನ. "2016ರಲ್ಲಿ ಕೊನೇ ಮ್ಯಾಚಿಗೆ 60 ಪಾಯಿಂಟ್."

"50 ಸಲ ಎಸೆದು," ಎಂದಳು ವೀಣಾ.

ಪವನ ಆರ್‌ಸಿಬಿ ಕಡೆ ತಿರುಗಿದ. ಅದು ಅವನ ತಪ್ಪು. ಆ ವಾರಕ್ಕೆ ಆರ್‌ಸಿಬಿ ಆರಕ್ಕೆ ಆರೂ ಸೋತಿತ್ತು. ಮೊದಲ ಮ್ಯಾಚಿನಲ್ಲಿ 70ಕ್ಕೆ ಆಲೌಟ್. ಕೋಲ್ಕತ್ತಾ ವಿರುದ್ಧ 205 ಹೊಡೆದೂ ಉಳಿಸಿಕೊಳ್ಳಲಾಗದೆ, ರಸೆಲ್ 13 ಎಸೆತಕ್ಕೆ 48 ಚಚ್ಚಿ ಹೋಗಿದ್ದ. ಆದರೂ ಹುಡುಗ ಕೆಂಪು ಜೆರ್ಸಿಯಲ್ಲೇ ಬಂದು ಕೂತಿದ್ದ.

ಮಂಜಣ್ಣ ಅವನ ಹೆಗಲ ಮೇಲೆ ಕೈ ಹಾಕಿದರು. "ನೋಡು ಮರಿ, ಡರ್ಕ್‌ನ ಕಥೆ ಆರ್‌ಸಿಬಿಯೋರಿಗೆ ಅರ್ಥವಾದಷ್ಟು ಇನ್ಯಾರಿಗೂ ಆಗಲ್ಲ. 2006ರ ಫೈನಲ್, ಮೊದಲು ನಾಲ್ಕು ಮ್ಯಾಚು ಗೆದ್ದವರಿಗೆ ಕಪ್ಪು. ಮಯಾಮಿ ಮೇಲೆ ಮೊದಲ ಎರಡೂ ಗೆದ್ದು ಕೂತಿದ್ದರು. ಆಮೇಲೆ ಸಾಲಾಗಿ ನಾಲ್ಕು ಸೋತರು. ಮುಂದಿನ ವರ್ಷ 67 ಮ್ಯಾಚು ಗೆದ್ದು, ಮೊದಲನೇ ಸುತ್ತಿನಲ್ಲೇ ಎಂಟನೇ ಸ್ಥಾನದ ಗೋಲ್ಡನ್ ಸ್ಟೇಟ್ ಕೈಲಿ ಹೊಡೆಸಿಕೊಂಡರು."

"ಆ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಬೇರೆ ಅವನಿಗೇ," ಎಂದೆ ನಾನು. "ಸೋತು ಮನೆಗೆ ಬಂದಾದ ಮೇಲೆ ಕೊಟ್ಟರು. ಮದುವೆ ಮುರಿದ ಮೇಲೆ ಮುಯ್ಯಿ ಬಂದ ಹಾಗೆ."

ಓಕ್ಲೆಂಡ್‌ನ ಆ ಸೋಲಿನ ರಾತ್ರಿ ಡರ್ಕ್ ಸಿಟ್ಟಿಗೆ ಕಸದ ಡಬ್ಬಿ ಎತ್ತಿ ಗೋಡೆಗೆ ಎಸೆದ. ಗೋಡೆಗೆ ತೂತಾಯಿತು. ಗೆದ್ದವರು ಆ ತೂತು ಮುಚ್ಚಲಿಲ್ಲ. ಮೇಲೊಂದು ಗಾಜಿನಂಥ ಹಾಳೆ ಹಾಕಿ ಇಟ್ಟುಕೊಂಡರು, ಮುಂದೆ ಅವನ ಕೈಲೇ ಸಹಿಯನ್ನೂ ಹಾಕಿಸಿಕೊಂಡರು. ನಾನೂ ಬಾಡಿಗೆ ಮನೆಯಲ್ಲಿ ಹೀಗೊಂದು ತೂತು ಮಾಡಿದ್ದೆ, ಕ್ಯಾರಂ ಬೋರ್ಡ್ ನೇತುಹಾಕಲು ಹೋಗಿ. ಓನರ್ ಸಹಿ ಕೇಳಲಿಲ್ಲ. ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ.

ಕೊನೆಗೆ 2011. ಮತ್ತೆ ಅದೇ ಮಯಾಮಿ, ಈಗ ವೇಡ್ ಜತೆ ಲೆಬ್ರಾನ್, ಬಾಷ್ ಎಂಬ ಇನ್ನಿಬ್ಬರು ಘಟಾನುಘಟಿಗಳು. ಮೊದಲ ಮ್ಯಾಚಿನಲ್ಲೇ ಡರ್ಕ್‌ನ ಎಡಗೈ ನಡುಬೆರಳಿಗೆ ಪೆಟ್ಟು. ನಾಲ್ಕನೇ ಮ್ಯಾಚಿಗೆ 101 ಡಿಗ್ರಿ ಜ್ವರ, ಆದರೂ ಆಡಿ ಗೆಲ್ಲಿಸಿದ. ಮಾರನೇ ಮ್ಯಾಚಿಗೆ ಮುಂಚೆ ವೇಡ್, ಲೆಬ್ರಾನ್ ಇಬ್ಬರೂ ಕ್ಯಾಮೆರಾ ಮುಂದೆ ಸುಳ್ಳು ಕೆಮ್ಮು ಕೆಮ್ಮಿ ಅಣಕಿಸಿದರು.

"ದವಡೆ ಮುರಿದು ಬ್ಯಾಂಡೇಜ್ ಸುತ್ತಿಕೊಂಡು ಕುಂಬ್ಳೆ ಲಾರಾನ ಔಟ್ ಮಾಡಿರಲಿಲ್ವಾ ಆಂಟಿಗಾದಲ್ಲಿ, ಹಂಗೆ," ಎಂದ ಶೇಷು. ಇದಕ್ಕೆ ಮಾತ್ರ ಎಲ್ಲರೂ ಒಂದು ನಿಮಿಷ ಸುಮ್ಮನಾದೆವು. ಕುಂಬ್ಳೆ ಹೆಸರು ಬಂದಾಗ ಒಬ್ಬಟ್ಟು ಅಗಿಯುವುದು ಸರಿಯಲ್ಲ.

ಗೆದ್ದ ಆರನೇ ಮ್ಯಾಚಿನ ಮೊದಲರ್ಧದಲ್ಲಿ ಡರ್ಕ್ 12 ಸಲ ಎಸೆದು ಒಂದೇ ಬುಟ್ಟಿಗೆ ಬಿದ್ದಿತ್ತು. ಆಮೇಲೆ ಹೇಗೋ ಸರಿಹೋಯಿತು. ಆಟ ಮುಗಿದದ್ದೇ ತಡ ಕುಣಿಯಲೂ ನಿಲ್ಲದೆ ಒಳಗೆ ಓಡಿಹೋಗಿ ಅತ್ತ. ಕಪ್ಪು ಇಸಿದುಕೊಳ್ಳಲು ಕರೆದುಕೊಂಡು ಬರಬೇಕಾಯಿತು.

"2011ರ ಮೇ ತಿಂಗಳಲ್ಲಿ ಆರ್‌ಸಿಬಿ ಫೈನಲ್ ಸೋತಿದ್ದು," ಎಂದ ಪವನ, ತನ್ನಷ್ಟಕ್ಕೆ. "ಜೂನ್‌ನಲ್ಲಿ ಇವನು ಗೆದ್ದ. ಹದಿಮೂರನೇ ಸೀಸನ್ನಿಗೆ. ನಮಗಿದು ಹನ್ನೆರಡನೇದು..."

"ಮುಂದಿನ ವರ್ಷ ನೋಡೋಣ," ಎಂದರು ಮಂಜಣ್ಣ. ಆರ್‌ಸಿಬಿಯವರಿಗೆ ಇದನ್ನು ಹೇಳುವುದು ಆಗ ಅಭ್ಯಾಸವಾಗಿತ್ತು.

ಆ ಗೆಲುವಿನ ಮೆರವಣಿಗೆಗೆ ಮಂಜಣ್ಣ ಜ್ವರ ಎಂದು ಸುಳ್ಳು ಹೇಳಿ ರಜೆ ಹಾಕಿದ್ದರು. ಎಷ್ಟು ಡಿಗ್ರಿ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಬಾಯಿಗೆ ಬಂದದ್ದು, 101. ಬಾಲ್ಕನಿಯಲ್ಲಿ ಡರ್ಕ್ ಶ್ರುತಿ ತಪ್ಪಿ ಹಾಡುತ್ತಿದ್ದಾಗ ಪಕ್ಕಕ್ಕೆ ನೋಡಿದರೆ ಮ್ಯಾನೇಜರ್ ನಿಂತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಟ್ಟಿಗೇ ಕೆಮ್ಮಿದರಂತೆ.

ಟಿವಿಯಲ್ಲಿ ಸ್ಯಾನ್ ಆಂಟೋನಿಯೊದ ಟೀಮು ಸ್ಪರ್ಸ್‌ನವರು ಡರ್ಕ್‌ನ ಬಗ್ಗೆ ಒಂದು ವಿಡಿಯೋ ಹಾಕಿದರು. ಇಪ್ಪತ್ತು ವರ್ಷ ಹೊಡೆದಾಡಿದ ಎದುರಾಳಿ ಊರು ಅದು. ಏಳಡಿ ಮನುಷ್ಯ ಮುಖ ಮುಚ್ಚಿಕೊಂಡು ಅತ್ತ. ಮಂಜಣ್ಣ ಕಣ್ಣೊರೆಸಿಕೊಂಡು, "ತುಪ್ಪದ ಕೈ ಕಣ್ಣಿಗೆ ಹೋಯ್ತು," ಎಂದರು.

"2014ರಲ್ಲಿ ಇವನಿಗೆ ಬೇರೆ ಟೀಮುಗಳು ಎಷ್ಟೋ ಜಾಸ್ತಿ ಕೊಡೋಕೆ ತಯಾರಿದ್ದವು," ಎಂದಳು ವೀಣಾ. "ಮೂರು ವರ್ಷಕ್ಕೆ 25 ಮಿಲಿಯನ್ ಸಾಕು ಅಂತ ಇಲ್ಲೇ ಸಹಿ ಹಾಕಿದ. ಮಿಕ್ಕ ದುಡ್ಡಲ್ಲಿ ಬೇರೆ ಆಟಗಾರರನ್ನ ತಗೊಳ್ಳಿ ಅಂತ."

"ಅದೇ ನಿಯತ್ತು ಅನ್ನೋದು!" ಎಂದು ಶೇಷು ತೊಡೆ ತಟ್ಟಿದ. ಎಂಟು ವರ್ಷದಲ್ಲಿ ಐದು ಕಂಪನಿ ಬದಲಾಯಿಸಿದವನು. ನಾನೂ ತಲೆಯಾಡಿಸಿದೆ. ನನ್ನದು ನಾಲ್ಕು. ಮಂಜಣ್ಣ ಲೆಕ್ಕ ಹಾಕುವುದನ್ನೇ ಬಿಟ್ಟಿದ್ದಾರೆ.

ಡರ್ಕ್ ಆವತ್ತು 20 ಪಾಯಿಂಟ್, 10 ರಿಬೌಂಡ್ (ಬುಟ್ಟಿ ತಪ್ಪಿದ ಚೆಂಡು ಹಿಡಿಯುವುದು) ಮಾಡಿದ. ಟೀಮು ಸೋತಿತು. ಇಪ್ಪತ್ತೊಂದು ಸೀಸನ್ನಿನ ಒಟ್ಟು ಪಾಯಿಂಟ್ 31,560ಕ್ಕೆ ನಿಂತಿತು. ವಿಲ್ಟ್ ಚೇಂಬರ್ಲಿನ್‌ನನ್ನು ಹಿಂದಿಕ್ಕಿ ಸಾರ್ವಕಾಲಿಕ ಪಟ್ಟಿಯಲ್ಲಿ ಆಗ ಆರನೇ ಸ್ಥಾನ. ಟಿವಿ ಆರಿಸಿದ ಮೇಲೂ ಯಾರೂ ಏಳಲಿಲ್ಲ. ಎರಡೇ ಒಬ್ಬಟ್ಟು ಉಳಿದಿದ್ದವು.

ಆಗ ಪವನ ಗಂಟಲು ಸರಿಮಾಡಿಕೊಂಡ. "ಒಂದು ವಿಷಯ... ಇವತ್ತು ಬೆಳಗ್ಗೆ ಪೇಪರ್ ಹಾಕಿದೆ. ಸಿಯಾಟಲ್‌ನಲ್ಲಿ ಆಫರ್ ಬಂದಿದೆ."

ಮನೆ ನಿಶ್ಶಬ್ದವಾಯಿತು. ಇಷ್ಟು ಹೊತ್ತು ನಿಯತ್ತಿನ ಪೂಜೆ ಮಾಡಿದ ಮನೆ. ಹುಡುಗ ತಲೆ ತಗ್ಗಿಸಿ ಕೂತಿದ್ದ.

"ಎಷ್ಟು ಜಾಸ್ತಿ ಕೊಡ್ತಾರೆ?" ಎಂದರು ಮಂಜಣ್ಣ.

ಪವನ ಹೇಳಿದ.

ಶೇಷು ಕೂತಲ್ಲಿಂದ ಎದ್ದು, ಉಳಿದ ಎರಡೂ ಒಬ್ಬಟ್ಟನ್ನು ಅವನ ತಟ್ಟೆಗೆ ಹಾಕಿ ಪಕ್ಕದಲ್ಲೇ ಕೂತ. "ಅಲ್ಲಿ ಇನ್ನೊಂದು ಜಾಗ ಖಾಲಿ ಇದೆಯೇನೋ ಕೇಳ್ತೀಯಾ? ಸುಮ್ನೆ ಕೇಳು, ಅಷ್ಟೇ."

ವೀಣಾ ನೆಲದ ಮೇಲಿದ್ದ ಟಿಶ್ಯೂ ಉಂಡೆ ಎತ್ತಿಕೊಂಡಳು. ಗಂಡನ ಕಡೆ ಒಮ್ಮೆ ನೋಡಿ, ಬಲ ಮೊಣಕಾಲು ಎತ್ತಿ, ಹಿಂದಕ್ಕೆ ವಾಲಿ ಎಸೆದಳು. ಬುಟ್ಟಿಯ ಅಂಚಿಗೂ ತಾಗಲಿಲ್ಲ, ನೇರ ಒಳಗೆ ಬಿತ್ತು.