ಬಳ್ಳಿ ಗುಲಾಬಿ ಪ್ರಶ್ನೋತ್ತರ: ಸಣ್ಣ ಅಂಗಳದಲ್ಲಿ ಪದೇ ಪದೇ ಹೂ ಬಿಡೋ ತಳಿ ಯಾವುದು?

ಅಡ್ಮಿನ್: ಇವತ್ತು ಸಂಜೆ 6ರಿಂದ ನರ್ಸರಿ ಮೇಡಂ ಬಳ್ಳಿ ಗುಲಾಬಿ ಬಗ್ಗೆ ಉತ್ತರ ಕೊಡ್ತಾರೆ. ಗಿಡಕ್ಕೆ ಎಷ್ಟು ವರ್ಷ, ಎಷ್ಟು ಗಂಟೆ ಬಿಸಿಲು, ನೆಲವೋ ಕುಂಡವೋ, ಬೋರ್ ನೀರೋ ನಲ್ಲಿ ನೀರೋ, ಇಷ್ಟನ್ನು ಬರೆದೇ ಕೇಳಿ. ಫಾರ್ವರ್ಡ್ ಹಾಕಬೇಡಿ.

ಮೈಸೂರು ಅಂಗಳ: ನಮಸ್ಕಾರ ಮೇಡಂ. 30x40 ಸೈಟು. ಮುಂದಿನ ಕಾಂಪೌಂಡು 8 ಅಡಿ ಅಗಲ, ಪೂರ್ವಕ್ಕೆ ಮುಖ. ಬೆಳಗ್ಗೆ 5 ಗಂಟೆ ಬಿಸಿಲು, ನೆಲದಲ್ಲೇ ನೆಡೋದು. ಒಂದೇ ಗಿಡಕ್ಕೆ ಜಾಗ ಇರೋದು. ವರ್ಷದಲ್ಲಿ ಹಲವು ಸಲ ಹೂ ಬಿಡಬೇಕು. ಯಾವುದು ತರಲಿ?

ನರ್ಸರಿ ಮೇಡಂ: ನಮಸ್ಕಾರ. ಕ್ಲೈಂಬಿಂಗ್ ಐಸ್‌ಬರ್ಗ್ ತನ್ನಿ. ಬಿಳಿ ಹೂವು, ಗೊಂಚಲಲ್ಲಿ ಬಿಡುತ್ತೆ, ಮುಳ್ಳು ಕಡಿಮೆ. 10ರಿಂದ 12 ಅಡಿ ಹೋಗುತ್ತೆ, ಅದನ್ನು ಅಡ್ಡ ಮಲಗಿಸಿದರೆ ನಿಮ್ಮ ಗೋಡೆ ತುಂಬುತ್ತೆ. ಪರಿಮಳ ಅಷ್ಟಾಗಿ ಇಲ್ಲ. ಪರಿಮಳ ಬೇಕೇ ಬೇಕು ಅಂದರೆ ಕ್ರೆಪಸ್ಕ್ಯೂಲ್. 1904ರ ಹಳೇ ತಳಿ, ಜರದಾಳು ಬಣ್ಣ, ನಮ್ಮ ಬೆಚ್ಚನೆ ಹವೆಗೆ ಒಗ್ಗುತ್ತೆ. ಗೇಟಿನ ಪಕ್ಕ ಆರೇಳು ಅಡಿ ಸಾಕು ಅನ್ನುವವರಿಗೆ ಕಾಕ್‌ಟೇಲ್. ಐದೆಸಳಿನ ಕೆಂಪು, ನಡುವೆ ಹಳದಿ. ಮುಳ್ಳು ಜಾಸ್ತಿ, ಮಕ್ಕಳು ಓಡಾಡೋ ದಾರಿಯಲ್ಲಿ ಬೇಡ.

ಲೇಬಲ್ ಮೇಲೆ ತಳಿಯ ಹೆಸರು ಇರಬೇಕು. ಬರೀ 'ಕ್ಲೈಂಬರ್, ಪಿಂಕ್' ಅಂತ ಇದ್ದರೆ ತರಬೇಡಿ. ವರ್ಷಕ್ಕೆ ಒಂದೇ ಸಲ ಹೂ ಬಿಡೋದನ್ನೂ ಹಾಗೇ ಮಾರ್ತಾರೆ.

ಗುಂಡಿ 2 ಅಡಿ ಉದ್ದ, ಅಗಲ, ಆಳ. ಗೋಡೆಯಿಂದ ಒಂದೂವರೆ ಅಡಿ ದೂರ ಇರಲಿ, ಗೋಡೆ ಬುಡದ ಮಣ್ಣಲ್ಲಿ ಸುಣ್ಣ, ಸಿಮೆಂಟು ಇರುತ್ತೆ. ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ 10 ಕೆಜಿ, ಬೇವಿನ ಹಿಂಡಿ 200 ಗ್ರಾಂ ಕೆಂಪು ಮಣ್ಣಿಗೆ ಬೆರೆಸಿ. ಕಸಿ ಗಂಟು, ಅಂದರೆ ಕಸಿ ಕಟ್ಟಿದ ಜಾಗದ ಉಬ್ಬು, ಮಣ್ಣಿನಿಂದ ಒಂದು ಇಂಚು ಮೇಲೇ ಇರಬೇಕು, ಹೂಳಬೇಡಿ.

ಬಳ್ಳಾರಿ ಬಿಸಿಲು: ಮೇಡಂ, ನಮ್ಮದು ಪಶ್ಚಿಮದ ಗೋಡೆ. ಪಿಯರ್ ಡಿ ರೊನ್ಸಾರ್ ಹಾಕಬಹುದಾ? ಫೋಟೋದಲ್ಲಿ ಬಹಳ ಚಂದ ಕಾಣಿಸ್ತು.

ನರ್ಸರಿ ಮೇಡಂ: ಬೇಡ. ಎಸಳು ಒತ್ತಾದ ದೊಡ್ಡ ಹೂವು ಅದು, ಬಳ್ಳಾರಿ ಬಿಸಿಲಲ್ಲಿ ಗೋಡೆಯ ಕಾವಿಗೆ ಅಂಚು ಸುಡುತ್ತೆ. ಮೊದಲ ಸುತ್ತು ಭರ್ತಿ ಬಿಟ್ಟು ಆಮೇಲೆ ಕಡಿಮೆ ಆಗುತ್ತೆ. ಪೂರ್ವಕ್ಕೆ ಜಾಗ ಹುಡುಕಿ.

ಹುಬ್ಬಳ್ಳಿ ಹಿತ್ತಲ: ಮೇಡಂ ನಮಸ್ಕಾರ ರೀ. 'ವರ್ಷಪೂರ್ತಿ ಹೂ ಬಿಡೋ ಕೆಂಪು ಬಳ್ಳಿ' ಅಂತ ತಂದದ್ದು, ಮೂರು ವರ್ಷ ಆತು. ಮೊದಲನೇ ವರ್ಷ ನಾಕೈದು ಕೆಂಪು ಹೂ ಬಿಟ್ಟಿತ್ತು. ಈಗ 14 ಅಡಿ ಬೆಳದೈತಿ, ಎಲಿ ಹಚ್ಚಗ ಅದಾವ, ಹೂವು ಒಂದೂ ಇಲ್ಲ. ನೆಲದಾಗ ಐತಿ, 6 ತಾಸು ಬಿಸಲ. ಪ್ರತಿ ಅಕ್ಟೋಬರ್‌ನ್ಯಾಗ ಮೊಣಕಾಲ ಮಟ್ಟಕ್ಕ ಕತ್ತರಸ್ತೀವಿ. ಎಲ್ಲಿ ತಪ್ಪೇತಿ ಹೇಳ್ರಿ.

ಶಿವಮೊಗ್ಗ ಹಿತ್ತಲು: ಒಂದು ತೊಟ್ಟಿಗೆ ಏಳು ಎಲೆ ಇದ್ರೆ ಕಾಡು ಗುಲಾಬಿ, ಐದು ಇದ್ರೆ ಜಾತಿ ಗುಲಾಬಿ. ಎಣಿಸಿ ನೋಡಿ ಅಷ್ಟೇ.

ನರ್ಸರಿ ಮೇಡಂ: ಹುಬ್ಬಳ್ಳಿಯವರೇ, ನಿಮ್ಮ ಪ್ರಶ್ನೆಗೆ ಉದ್ದವಾಗೇ ಬರೀತೀನಿ. ಇದರಲ್ಲಿ ಮೂರು ಸಾಧ್ಯತೆ ಇದೆ, ಮೂರಕ್ಕೂ ಮದ್ದು ಬೇರೆ ಬೇರೆ.

ಒಂದು, ನಿಮ್ಮ ಕತ್ತರಿ. ಪೊದೆ ಗುಲಾಬಿಯನ್ನು ಕತ್ತರಿಸಿದ ಹಾಗೆ ಬಳ್ಳಿಯನ್ನು ಕತ್ತರಿಸಬಾರದು. ಬಳ್ಳಿಯ ಉದ್ದ ಕೊಂಬೆ ಹೂ ಬಿಡೋಕೆ ಇರೋದಲ್ಲ, ಅದು ಚೌಕಟ್ಟು. ಹೂವು ಬರೋದು ಅದರ ಗೆಣ್ಣುಗಳಿಂದ ಹೊರಡೋ ಗೇಣುದ್ದದ ಪಕ್ಕದ ಕವಲುಗಳಲ್ಲಿ. ಮೊಣಕಾಲಿಗೆ ಕತ್ತರಿಸಿದರೆ ಗಿಡ ಇಡೀ ವರ್ಷ ಚೌಕಟ್ಟು ಕಟ್ಟೋದರಲ್ಲೇ ಕಳೆಯುತ್ತೆ, ಕಟ್ಟಿ ಮುಗಿಸೋ ಹೊತ್ತಿಗೆ ನೀವು ಮತ್ತೆ ಕತ್ತರಿಸ್ತೀರಿ.

ಎರಡು, ಕೊಂಬೆ ನೆಟ್ಟಗೆ ನಿಂತಿರೋದು. ನೆಟ್ಟಗಿರೋ ಕೊಂಬೆಯ ತುದಿ ಮೊಗ್ಗು ಕೆಳಗಿನ ಕಣ್ಣುಗಳನ್ನೆಲ್ಲ ಅದುಮಿಡುತ್ತೆ, ಹಾಗಾಗಿ ತುದೀಲಿ ಮಾತ್ರ ಚಿಗುರು. ಅದನ್ನೇ ಅಡ್ಡ ಮಲಗಿಸಿದರೆ ಆ ಹಿಡಿತ ಸಡಿಲಾಗಿ ಸಾಲಾಗಿ ಕಣ್ಣು ಒಡೆಯುತ್ತೆ. ಒಂದು ಕೊಂಬೆಯಲ್ಲಿ ಎರಡು ಹೂವಿನ ಬದಲು ಹನ್ನೆರಡು ಕಡೆ ಹೂವು ಸಿಗೋದು ಇದರಿಂದಲೇ, ಯಾವ ಗೊಬ್ಬರದಿಂದಲೂ ಅಲ್ಲ.

ಮೂರನೇದು ನನಗೆ ಚಿಂತೆ ಹುಟ್ಟಿಸಿರೋದು. ಮೊದಲ ವರ್ಷ ಕೆಂಪು ಹೂ ಬಿಟ್ಟು ಆಮೇಲೆ ನಿಂತಿದೆ ಅಂದರೆ ಮೇಲಿನ ಕಸಿ ಸತ್ತು ಬುಡದ ರೂಟ್‌ಸ್ಟಾಕ್, ಅಂದರೆ ಕಸಿ ಕಟ್ಟೋಕೆ ಬಳಸಿದ ಬೇರಿನ ಗಿಡ, ಎದ್ದಿರಬಹುದು. ಹೀಗೆ ನೋಡಿ. ಬುಡದ ಮಣ್ಣು ನಾಲ್ಕು ಇಂಚು ಬಿಡಿಸಿ, ಕಸಿ ಗಂಟು ಹುಡುಕಿ. ಈಗಿರೋ ಕೊಂಬೆಗಳು ಗಂಟಿನ ಮೇಲಿಂದ ಬಂದಿವೆಯೋ ಕೆಳಗಿಂದಲೋ? ಆಮೇಲೆ ಒಂದು ಎಲೆಯನ್ನು ತೊಟ್ಟಿನ ಸಮೇತ ಕಿತ್ತು, ತೊಟ್ಟು ಕಾಂಡಕ್ಕೆ ಅಂಟೋ ಜಾಗ ನೋಡಿ. ಎರಡೂ ಬದಿ ಪುಟ್ಟ ಹಸಿರು ರೆಕ್ಕೆ ಇರುತ್ತೆ. ಆ ರೆಕ್ಕೆಯ ಅಂಚು ಬಾಚಣಿಗೆ ಹಲ್ಲಿನ ಹಾಗೆ ಸೀಳು ಸೀಳಾಗಿದ್ದರೆ ಅದು ಮಲ್ಟಿಫ್ಲೋರಾ, ಕಸಿಗೆ ಬಳಸೋ ಬೇರಿನ ಗಿಡ. ಬೆರಳಿಗೆ ಸಿಗುವಷ್ಟು ಸ್ಪಷ್ಟವಾಗಿರುತ್ತೆ. ಎರಡರದ್ದೂ ಫೋಟೋ ಹಾಕಿ. ಅಲ್ಲೀತನಕ ಕತ್ತರಿ ಮುಟ್ಟಬೇಡಿ.

ಎಲೆ ಎಣಿಸೋ ಲೆಕ್ಕ ನಂಬಬೇಡಿ. ನ್ಯೂ ಡಾನ್‌ನಂಥ ಒಳ್ಳೆ ಬಳ್ಳಿಯಲ್ಲೂ ಏಳೆಲೆ ಇರುತ್ತೆ.

ಶಿವಮೊಗ್ಗ ಹಿತ್ತಲು: ಏಳೆಲೆ ಲೆಕ್ಕ ಎಲ್ಲಾ ಕಡೆ ಹೇಳ್ತಾರೆ ಮೇಡಂ. ಇಷ್ಟು ಜನ ಹೇಳೋದು ಸುಳ್ಳಾ?

ಬೆಂಗಳೂರು ಬಾಲ್ಕನಿ: ಸುಳ್ಳೇ. ಆ ಲೆಕ್ಕ ನಂಬಿ ಎಷ್ಟೋ ಜನ ಒಳ್ಳೆ ಚಿಗುರನ್ನೇ ಕಿತ್ತು ಎಸೀತಾರೆ. ಕಸಿ ಗಂಟಿನ ಮೇಲೆ ಬುಡದಿಂದ ಬರೋ ಹೊಸ ಕೊಂಬೆಯೇ ಬಳ್ಳಿಯ ಬಂಡವಾಳ.

ಶಿವಮೊಗ್ಗ ಹಿತ್ತಲು: ನಿಮ್ಮನ್ನ ಕೇಳಿಲ್ಲ.

ಬೆಂಗಳೂರು ಬಾಲ್ಕನಿ: ಗ್ರೂಪಲ್ಲಿ ಹಾಕಿದ ಮೇಲೆ ಎಲ್ಲರನ್ನೂ ಕೇಳಿದ ಹಾಗೇ. ತಪ್ಪು ಮಾಹಿತಿ ಹಾಕಿದ್ರೆ ಹೇಳಲೇಬೇಕಲ್ಲ.

ಚಿಕ್ಕಮಗಳೂರು ತೋಟ: ಕಡ್ಡಿ ನೆಟ್ಟರೆ ಬಳ್ಳಿ ಗುಲಾಬಿ ಬರುತ್ತಾ ಮೇಡಂ? ಯಾವ ತಿಂಗಳಲ್ಲಿ?

ತುಮಕೂರು ಹಸಿರು: ಫಾರ್ವರ್ಡ್ ಬಂದಿದೆ: 'ಎಪ್ಸಮ್ ಸಾಲ್ಟ್ 2 ಚಮಚ, ಆಸ್ಪಿರಿನ್ 2 ಮಾತ್ರೆ, ಮೊಟ್ಟೆ ಸಿಪ್ಪೆ ಪುಡಿ ಒಂದು ಹಿಡಿ, ಈರುಳ್ಳಿ ಸಿಪ್ಪೆ ನೀರು 1 ಲೀಟರ್. ವಾರಕ್ಕೊಮ್ಮೆ ಹಾಕಿ, 7 ದಿನದಲ್ಲಿ ಗಿಡ ತುಂಬ ಹೂವು.' ನಮ್ಮ ಕುಂಡದ ಬಳ್ಳಿಯಲ್ಲಿ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಹಾಕಬಹುದಾ? ಬೋರ್ ನೀರು.

ನರ್ಸರಿ ಮೇಡಂ: ಹಾಕಬೇಡಿ. 7 ದಿನದಲ್ಲಿ ಗುಲಾಬಿ ಹೂ ಬಿಡಲ್ಲ. ಸವರಿದ ಮೇಲೆ ಚಿಗುರಿ, ಮೊಗ್ಗಾಗಿ, ಅರಳೋಕೆ 45ರಿಂದ 50 ದಿನ ಬೇಕು, ಯಾವ ನೀರು ಹುಯ್ದರೂ ಅಷ್ಟೇ.

ನಿಮ್ಮ ಗಿಡಕ್ಕೆ ಇದು ಬರೀ ವ್ಯರ್ಥ ಅಲ್ಲ, ತೊಂದರೆ ಕೂಡ. ಹೊಸ ಎಲೆ ಹಳದಿಯಾಗಿ ನರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಗಡಸು ಬೋರ್ ನೀರು ಹುಯ್ದು ಹುಯ್ದು ಮಣ್ಣು ಕ್ಷಾರ ಆಗಿದೆ, ಕಬ್ಬಿಣ ಇದ್ದರೂ ಬೇರಿಗೆ ಸಿಗ್ತಿಲ್ಲ. ಅದರ ಮೇಲೆ ಮೊಟ್ಟೆ ಸಿಪ್ಪೆ ಹಾಕಿದರೆ ಸುಣ್ಣದ ಮೇಲೆ ಸುಣ್ಣ. ಎಪ್ಸಮ್ ಸಾಲ್ಟ್ ಮೆಗ್ನೀಸಿಯಂ ಕೊಡುತ್ತೆ, ಆ ಕೊರತೆ ಕಾಣೋದು ಕೆಳಗಿನ ಹಳೇ ಎಲೆಯಲ್ಲಿ, ಹೊಸದರಲ್ಲಿ ಅಲ್ಲ. ಕುಂಡಕ್ಕೆ ವಾರ ವಾರ ಉಪ್ಪು ಸುರಿದರೆ ಬೇರು ಸುಡುತ್ತೆ.

ಮಾಡಬೇಕಾದ್ದು: ಮಳೆ ನೀರು ಹಿಡಿದಿಟ್ಟು ಅದನ್ನೇ ಹಾಕಿ. ಕೃಷಿ ಅಂಗಡಿಯಲ್ಲಿ ಇಡಿಡಿಎಚ್‌ಎ ರೂಪದ ಚೀಲೇಟೆಡ್ ಕಬ್ಬಿಣ ಕೇಳಿ, ಪ್ಯಾಕೆಟ್ ಮೇಲಿನ ಅಳತೆಯಲ್ಲಿ ಬುಡಕ್ಕೆ ಕೊಡಿ. ಇಡಿಟಿಎ ರೂಪದ್ದು ಕ್ಷಾರ ಮಣ್ಣಲ್ಲಿ ನಿಲ್ಲಲ್ಲ. ಕುಂಡ ಎಷ್ಟು ದೊಡ್ಡದು? ಬಳ್ಳಿಗೆ 20 ಇಂಚಿಗಿಂತ ಚಿಕ್ಕದಾದರೆ ಏನು ಹಾಕಿದರೂ ಸೊರಗುತ್ತೆ.

ತುಮಕೂರು ಹಸಿರು: 12 ಇಂಚು ಮೇಡಂ. ಹಾಗಾದ್ರೆ ಬಾಳೆಹಣ್ಣಿನ ಸಿಪ್ಪೆ ನೀರು ಹಾಕಬಹುದಾ?

ನರ್ಸರಿ ಮೇಡಂ: ಕುಂಡ ಬದಲಿಸಿ ಅಂದೆ.

ಕುಡ್ಲದ ಮಳೆ: ನಮಸ್ಕಾರ ಮೇಡಂ, ಇಲ್ಲಿ ಜೂನ್ ಬಂತು ಅಂದ್ರೆ ಎಲೆಯಲ್ಲಿ ಕಪ್ಪು ಚುಕ್ಕೆ ಬಂದು ಎಲ್ಲ ಉದುರ್ತದೆ ಮಾರಾಯ್ರೆ. ಮುಳ್ಳಿಲ್ಲ ಅಂತ ಜೆಫಿರೀನ್ ದ್ರೂಆಂ ಹಾಕಿದ್ದು. ಬೇವಿನೆಣ್ಣೆ ಹೊಡೆದು ಸಾಕಾಯ್ತು.

ನರ್ಸರಿ ಮೇಡಂ: ಮುಳ್ಳಿಲ್ಲ ನಿಜ, ಆದರೆ ಆ ತಳಿಗೆ ಕಪ್ಪು ಚುಕ್ಕೆಯೂ ಬೂದಿ ರೋಗವೂ ಬೇಗ ಹಿಡಿಯುತ್ತೆ. ಕರಾವಳಿಗೆ ಅದನ್ನು ನಾನು ಯಾರಿಗೂ ಹೇಳಲ್ಲ. ಎಲೆ ಏಳು ಗಂಟೆ ಒದ್ದೆಯಾಗೇ ಇದ್ದರೆ ಸಾಕು, ಶಿಲೀಂಧ್ರ ಒಳಗೆ ಇಳಿಯುತ್ತೆ. ಮಂಗಳೂರಿನ ಜೂನ್‌ನಲ್ಲಿ ಎಲೆ ಒಣಗೋದೇ ಇಲ್ಲ. ಬೇವಿನೆಣ್ಣೆ ಇಲ್ಲಿ ಸಾಲಲ್ಲ.

ಗಿಡ ಸೂರಿನ ಅಂಚಿನ ಒಳಗೆ, ಬೆಳಗಿನ ಬಿಸಿಲು ಬೀಳೋ ಕಡೆ ದೊಡ್ಡ ಕುಂಡದಲ್ಲಿರಲಿ. ಗೋಡೆಗೂ ಕೊಂಬೆಗೂ ನಡುವೆ 4 ಇಂಚು ಗಾಳಿ ಆಡಬೇಕು. ಉದುರಿದ ಎಲೆ ದಿನಾ ಗುಡಿಸಿ, ಬುಡದಲ್ಲಿ ಬಿಡಬೇಡಿ. ಮೇ ಕೊನೆಯಲ್ಲಿ, ಚುಕ್ಕೆ ಕಾಣೋ ಮುಂಚೆ, ಮ್ಯಾಂಕೋಜೆಬ್ ಶಿಲೀಂಧ್ರನಾಶಕ ಲೀಟರಿಗೆ 2 ಗ್ರಾಂ, ಎಲೆಯ ಎರಡೂ ಬದಿಗೆ. ಕೈಗವಸು, ಮಾಸ್ಕ್ ಕಡ್ಡಾಯ. ಮಳೆ ಬರುವಾಗ ಸವರಬೇಡಿ, ಗಾಯದಿಂದ ಕೊಂಬೆ ಕಪ್ಪಾಗಿ ಕೆಳಗೆ ಒಣಗ್ತಾ ಬರುತ್ತೆ.

ಬೆಂಗಳೂರು ಬಾಲ್ಕನಿ: ಮೇಡಂ, ಬೂದಿ ರೋಗಕ್ಕೆ ಗಂಧಕ ಹೊಡೆದೆ. ಐದು ದಿನದ ಹಿಂದೆ ಬೇವಿನೆಣ್ಣೆ ಹೊಡೆದಿದ್ದೆ. ಈಗ ಎಲೆ ಅಂಚೆಲ್ಲ ಕಂದು.

ನರ್ಸರಿ ಮೇಡಂ: ಎಣ್ಣೆಗೂ ಗಂಧಕಕ್ಕೂ ನಡುವೆ ಕನಿಷ್ಠ ಎರಡು ವಾರ ಬೇಕು. 30 ಡಿಗ್ರಿ ದಾಟಿದ ದಿನ ಗಂಧಕ ಹೊಡೆಯಲೇಬಾರದು. ಸುಟ್ಟ ಎಲೆ ಸರಿಯಾಗಲ್ಲ. ಒಂದು ತಿಂಗಳು ಏನೂ ಹೊಡೀಬೇಡಿ, ಹೊಸ ಚಿಗುರು ಬರಲಿ.

ಶಿವಮೊಗ್ಗ ಹಿತ್ತಲು: ಬೇರೆಯವರಿಗೆ ಪಾಠ ಹೇಳೋರು ತಮ್ಮ ಗಿಡ ಸುಟ್ಟುಕೊಂಡಿದ್ದಾರೆ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಹಾಸನ ಹೂವಾಡಿಗ: ಇದೇ ಬಳ್ಳಿಯ ಎಸಳಲ್ಲಿ ಗುಲ್ಕನ್ ಮಾಡಬಹುದಾ? ನರ್ಸರಿಯಿಂದ ತಂದು ಎರಡು ತಿಂಗಳಾಯ್ತು. ಥ್ರಿಪ್ಸ್ ಅನ್ನೋ ಸಣ್ಣ ಹುಳಕ್ಕೆ ಇಮಿಡಾಕ್ಲೋಪ್ರಿಡ್ ಹಾಕಿದ್ದೀವಿ.

ನರ್ಸರಿ ಮೇಡಂ: ಬೇಡ, ದಯವಿಟ್ಟು ಬೇಡ. ಅದು ಗಿಡದ ರಸದೊಳಗೆ ಸೇರೋ ಕೀಟನಾಶಕ, ಎಸಳನ್ನು ಎಷ್ಟು ತೊಳೆದರೂ ಹೋಗಲ್ಲ. ನರ್ಸರಿಯವರು ಮೊದಲೇ ಏನೇನು ಹೊಡೆದಿರ್ತಾರೋ ನಿಮಗೆ ಗೊತ್ತಿರಲ್ಲ. ತಿನ್ನೋಕೆ ಬೇಕಾದರೆ ಪನ್ನೀರು ಗುಲಾಬಿಯ ಬೇರೆ ಗಿಡ ಇಟ್ಟು, ಅದಕ್ಕೆ ಯಾವ ವಿಷವನ್ನೂ ಸೋಕಿಸದೆ ಬೆಳೆಸಿ.

ಹಾಸನ ಹೂವಾಡಿಗ: ಸಕ್ಕರೆ ಹಾಕಿ 40 ದಿನ ಬಿಸಿಲಲ್ಲಿ ಇಟ್ರೆ ವಿಷ ಹೋಗುತ್ತೆ ಅಂತಾರೆ.

ನರ್ಸರಿ ಮೇಡಂ: ಹೋಗಲ್ಲ. ಮನೆಯಲ್ಲಿ ಮಕ್ಕಳು ತಿಂತಾರೆ. ಇದರಲ್ಲಿ ಚರ್ಚೆ ಬೇಡ.

ಮಂಡ್ಯ ಮನೆ: ಬಳ್ಳಿ ಗುಲಾಬಿಯಲ್ಲಿ ವರ್ಷಪೂರ್ತಿ ಹೂ ಬಿಡೋ ಒಳ್ಳೆ ತಳಿ ಯಾವುದು?

ನರ್ಸರಿ ಮೇಡಂ: ಮೇಲೆ ಮೈಸೂರಿನವರಿಗೆ ಬರೆದಿದ್ದೀನಿ.

ದಾವಣಗೆರೆ: ಕೊರಿಯರ್ ಮಾಡ್ತೀರಾ? ರೇಟ್ ಎಷ್ಟು?

ಕೆಂಗೇರಿ ಗುಲಾಬಿ: ಒಂದು ಅನುಮಾನ ಮೇಡಂ. ಪೊದೆಯಾಗಿದ್ದಾಗ ಸದಾ ಹೂ ಬಿಡೋ ತಳಿಯ 'ಕ್ಲೈಂಬಿಂಗ್' ರೂಪ ತಂದರೆ ಹೂವು ಕಡಿಮೆ ಆಗೋದ್ಯಾಕೆ? ಓಲ್ಡ್ ಬ್ಲಶ್‌ನಲ್ಲಿ ಹಾಗಾಗಿದೆ. ಸವರೋದು, ಕಟ್ಟೋದು ಎಲ್ಲ ಸರಿ ಇದೆ.

ನರ್ಸರಿ ಮೇಡಂ: ಒಳ್ಳೆ ಪ್ರಶ್ನೆ. ಗುಲಾಬಿಯಲ್ಲಿ ಹೂವನ್ನು ತಡೆದು ಕೊಂಬೆ ಬೆಳೆಸೋ ಒಂದು ಜೀನ್ ಇದೆ. ಓಲ್ಡ್ ಬ್ಲಶ್‌ನಂಥ ಸದಾ ಹೂ ಬಿಡೋ ಗುಲಾಬಿಯಲ್ಲಿ ಆ ಜೀನ್ ನಡುವೆ ಬೇರೊಂದು ಡಿಎನ್‌ಎ ತುಂಡು ಸೇರಿಕೊಂಡು ಅದು ಕೆಲಸ ಮಾಡಲ್ಲ. ತಡೆಯೋರಿಲ್ಲ, ಹಾಗಾಗಿ ಪ್ರತಿ ಚಿಗುರೂ ಮೊಗ್ಗಲ್ಲೇ ಮುಗಿಯುತ್ತೆ, ಗಿಡ ಗಿಡ್ಡವಾಗೇ ಉಳಿಯುತ್ತೆ. ಕ್ಲೈಂಬಿಂಗ್ ಓಲ್ಡ್ ಬ್ಲಶ್‌ನಲ್ಲಿ ಆ ತುಂಡಿನ ಬಹುಪಾಲು ಕಳಚಿಹೋಗಿ ಜೀನ್ ಮತ್ತೆ ಎದ್ದಿದೆ. ಕೊಂಬೆ ಉದ್ದ ಹೋಗುತ್ತೆ, ಹೂವು ಹಿಂದೆ ಬೀಳುತ್ತೆ. ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ. ಎಲ್ಲ ಬಳ್ಳಿ ರೂಪವೂ ಹೀಗಲ್ಲ, ಕ್ಲೈಂಬಿಂಗ್ ಐಸ್‌ಬರ್ಗ್ ಚೆನ್ನಾಗೇ ಮತ್ತೆ ಮತ್ತೆ ಹೂ ಬಿಡುತ್ತೆ. ಅದಕ್ಕೇ ನರ್ಸರಿಯಲ್ಲಿ ಹೂ ಮುಗಿದ ಕಾಲದಲ್ಲಿ ಹೋಗಿ, ಹಳೇ ಹೂವಿನ ತೊಟ್ಟು ಪಕ್ಕದಲ್ಲೇ ಹೊಸ ಮೊಗ್ಗು ಕಾಣೋ ಗಿಡವನ್ನೇ ಆರಿಸಿ ಅಂತ ಹೇಳೋದು.

ನಮ್ಮ ದೇಶದ ತಳಿ ಯಾರಾದರೂ ಹುಡುಕ್ತಿದ್ದರೆ, ಕೊಡೈಕೆನಾಲ್‌ನ ಎಂ. ಎಸ್. ವೀರರಾಘವನ್ ಮಣಿಪುರದ ಕಾಡು ಗುಲಾಬಿ ರೋಸಾ ಜೈಗ್ಯಾಂಟಿಯಾ ಬಳಸಿ ಬೆಚ್ಚನೆ ಹವೆಗೆಂದೇ ಬಳ್ಳಿಗಳನ್ನು ಮಾಡಿದ್ದಾರೆ. ಆದರೆ ಆ ರಕ್ತದ ಬಳ್ಳಿಗಳು ದೊಡ್ಡದಾಗ್ತವೆ, 30x40ಕ್ಕೆ ತರೋ ಮುಂಚೆ ಎಷ್ಟು ಅಡಿ ಹೋಗುತ್ತೆ ಅಂತ ಕೇಳಿ.

ಮೈಸೂರು ಅಂಗಳ: ತಂತಿ ಹೇಗೆ ಕಟ್ಟೋದು ಮೇಡಂ?

ನರ್ಸರಿ ಮೇಡಂ: 12 ಗೇಜ್ ಜಿಐ ತಂತಿ, ಗೋಡೆಯಿಂದ 4 ಇಂಚು ಮುಂದೆ. ಮೊದಲ ಸಾಲು ನೆಲದಿಂದ ಒಂದೂವರೆ ಅಡಿ, ಆಮೇಲೆ 15 ಇಂಚಿಗೊಂದು. ಎಳೇ ಕೊಂಬೆಯನ್ನೇ ಬಗ್ಗಿಸಿ, ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ. ಬಲಿತದ್ದು ಸೀಳುತ್ತೆ. ತಂತಿಗೂ ಕೊಂಬೆಗೂ ನಡುವೆ ಒಂದು ತಿರುವು ಬರೋ ಹಾಗೆ ನಾರಿನ ಹುರಿಯಿಂದ ಸಡಿಲವಾಗಿ ಕಟ್ಟಿ, ಪ್ಲಾಸ್ಟಿಕ್ ಟ್ಯಾಗ್ ಬೇಡ. ಮೊದಲ ಎರಡು ವರ್ಷ ಒಣಗಿದ್ದು ಬಿಟ್ಟು ಏನೂ ಕತ್ತರಿಸಬೇಡಿ. ಆಮೇಲೆ ಹೂ ಮುಗಿದ ಪಕ್ಕದ ಕವಲನ್ನು ಎರಡು ಮೂರು ಕಣ್ಣು ಬಿಟ್ಟು ಕತ್ತರಿಸಿ.

ತುಮಕೂರು ಹಸಿರು: ಇನ್ನೊಂದು ಫಾರ್ವರ್ಡ್ ಬಂದಿದೆ ಮೇಡಂ, ಹುಳಿ ಮಜ್ಜಿಗೆಗೆ ಅಡುಗೆ ಸೋಡಾ...

ನರ್ಸರಿ ಮೇಡಂ: ಫಾರ್ವರ್ಡ್ ಹಾಕಬೇಡಿ ಅಂತ ಅಡ್ಮಿನ್ ಮೊದಲ ಸಾಲಲ್ಲೇ ಬರೆದಿದ್ದಾರೆ. ನಾನು ಓದಲ್ಲ.

ಹುಬ್ಬಳ್ಳಿ ಹಿತ್ತಲ: ಮೇಡಂ ಫೋಟೋ ಹಾಕೀನಿ ನೋಡ್ರಿ. ಮಣ್ಣು ಬಿಡಿಸಿದ್ವಿ. ಗಂಟಿನ ಮ್ಯಾಲೆ ಕರ್ರಗಿನ ಮೋಟು ಐತಿ, ಕೊಂಬಿ ಎಲ್ಲಾ ಕೆಳಗಿಂದ ಬಂದಾವ. ಎಲಿ ಬುಡದಾಗ ನೀವು ಹೇಳಿದಂಗ ಬಾಚಣಿಕಿ ಹಲ್ಲು ಕಾಣತಾವ. ಒಂದು ಹೇಳೋದು ಮರತಿದ್ದೆ, ಹ್ವಾದ ಮಾರ್ಚ್‌ನ್ಯಾಗ ಸಣ್ಣ ಬಿಳಿ ಹೂವಿನ ಒಂದು ಗೊಂಚಲ ಬಿಟ್ಟಿತ್ತು.

ನರ್ಸರಿ ಮೇಡಂ: ಬಿಳಿ ಗೊಂಚಲು ಅಂದ ಮೇಲೆ ಅನುಮಾನವೇ ಉಳಿಯಲಿಲ್ಲ. ಮೇಲಿನ ಕೆಂಪು ಕಸಿ ಸತ್ತಿದೆ, ಇರೋದು ಪೂರ್ತಿ ಮಲ್ಟಿಫ್ಲೋರಾ. ಇದು ಎಷ್ಟು ವರ್ಷ ಕಾದರೂ ಕೆಂಪು ಹೂ ಬಿಡಲ್ಲ.

ಕಿತ್ತು ಹಾಕಬೇಡಿ, ಮೂರು ವರ್ಷದ ಗಟ್ಟಿ ಬೇರು ಇದೆ. ಮಳೆ ನಿಲ್ಲಲಿ. ಅಕ್ಟೋಬರ್‌ನಲ್ಲಿ ಪೆನ್ಸಿಲ್ ದಪ್ಪದ ಎರಡು ಚಿಗುರು ಉಳಿಸಿ ಉಳಿದದ್ದನ್ನು ಬುಡಕ್ಕೆ ತೆಗೆಯಿರಿ. ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ನೀರಲ್ಲಿ ಕಲಸಿ ಪೇಸ್ಟ್ ಹಚ್ಚಿ. ಡಿಸೆಂಬರ್‌ನಲ್ಲಿ ಕಣ್ಣು ಕಸಿ ಮಾಡೋದು. ಹೆಸರು ಗೊತ್ತಿರೋ, ಈಗಷ್ಟೇ ಹೂ ಮುಗಿಸಿದ ಬಳ್ಳಿಯ ಕೊಂಬೆಯಿಂದ ಉಬ್ಬಿದ ಕಣ್ಣು ತೆಗೆದು, ಚಿಗುರಿನ ಬುಡದ ಹತ್ತಿರ ಟಿ ಆಕಾರದಲ್ಲಿ ತೊಗಟೆ ಸೀಳಿ ಒಳಗೆ ಕೂರಿಸಿ, ಕಣ್ಣು ಬಿಟ್ಟು ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಎರಡು ಚಿಗುರಿಗೂ ಹಾಕಿಸಿ, ಒಂದು ಹೋದರೆ ಇನ್ನೊಂದು ಇರಲಿ. ಮೂರು ವಾರಕ್ಕೆ ಕಣ್ಣು ಹಸಿರಾಗೇ ಇದ್ದರೆ ಹಿಡಿದಿದೆ. ಅದರ ಮೇಲಿನ ಕಾಂಡ ಆಗ ಕತ್ತರಿಸಿ.

ಗಂಟಿನ ಕೆಳಗೆ ಮತ್ತೆ ಚಿಗುರು ಬಂದರೆ ಕತ್ತರಿಸಬೇಡಿ, ಬುಡ ಹಿಡಿದು ಕೀಳಿ. ಕತ್ತರಿಸಿದರೆ ಒಂದಿದ್ದದ್ದು ನಾಲ್ಕಾಗುತ್ತೆ.

ಹುಬ್ಬಳ್ಳಿ ಹಿತ್ತಲ: ಆತ್ರಿ ಮೇಡಂ. ಕಸಿ ಮಾಡೋರು ಇಲ್ಲೇ ಒಬ್ರು ಅದಾರ, ಕೇಳ್ತೀನಿ.

ನರ್ಸರಿ ಮೇಡಂ: ಅವರ ಚಾಕು ಸ್ಪಿರಿಟ್‌ನಲ್ಲಿ ಒರೆಸಿಸಿ. ಹಿಂದಿನ ದಿನ ಗಿಡಕ್ಕೆ ಚೆನ್ನಾಗಿ ನೀರು ಕೊಟ್ಟಿರಿ, ತೊಗಟೆ ಸಲೀಸಾಗಿ ಬಿಡಬೇಕು.